ಹೊಗೆಕೊಳವೆಯ ಚರಿತ್ರೆ

ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋದಾಗ ಎದುರಿನ ಜಯಚಾಮರಾಜೇಂದ್ರ ರಸ್ತೆಯನ್ನು ನೀವು ಗಮನಿಸಿರಬಹುದು. ಎಲ್ಲರ ಬಾಯಲ್ಲಿ ಅದು ಜೆ.ಸಿ. ರಸ್ತೆ. ಪುರಭವನದಿಂದ ಮಿನರ್ವ ವೃತ್ತದವರೆಗೆ ಅಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿವೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಹಳೆಯ ಕಾರನ್ನು ಮಮತೆಯಿಂದ ಉಳಿಸಿಕೊಂಡವರು ಒಂದಲ್ಲ ಒಂದು ದಿನ ಈ ರಸ್ತೆಗೆ ಬರಲೇಬೇಕು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು, ಕಾಂಟೆಸ್ಸಾ 2002ರಲ್ಲಿ, ಅಂಬಾಸಿಡರ್ ಮತ್ತು ಮಾರುತಿ 800 ಎರಡೂ 2014ರಲ್ಲಿ. ಕಾರ್ಖಾನೆ ಮುಚ್ಚಿದ ಮೇಲೂ ಈ ಕಾರುಗಳು ಓಡುತ್ತಿವೆ. ಅವುಗಳಲ್ಲಿ ಬೇಗನೆ ತುಕ್ಕು ಹಿಡಿದು ತೂತು ಬೀಳುವ ಭಾಗವೆಂದರೆ ಹೊಟ್ಟೆಯ ಕೆಳಗೆ ಉದ್ದಕ್ಕೂ ಹಾದುಹೋಗುವ ಹೊಗೆಕೊಳವೆ ಮತ್ತು ಅದರ ನಡುವಿನ ಡಬ್ಬಿ, ಅಂದರೆ ಸೈಲೆನ್ಸರ್.

ಅಂಗಡಿಯಾತ ಕೇಳುತ್ತಾನೆ: "ಕಂಪನಿಯದೇ ಬೇಕಾ, ಲೋಕಲ್ ಬೇಕಾ, ಇಲ್ಲಾ ಫ್ರೀ ಫ್ಲೋ ಹಾಕಿಸ್ತೀರಾ?" ಈ ಚಿಕ್ಕ ಪ್ರಶ್ನೆಯ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದನ್ನು ತಿಳಿದರೆ ಉತ್ತರ ಹೇಳುವುದು ಸುಲಭ.

ಮೊದಲಿಗೆ ಒಂದು ಮಾತು. ಕಾರಿನ ಆಸನ, ಗಾಜು, ಸ್ಪ್ರಿಂಗು, ದೀಪ, ಇವೆಲ್ಲ ಮುಖ್ಯವಾಗಿ ಒಳಗೆ ಕುಳಿತವರಿಗಾಗಿ ಬಂದವು. ಹೊಗೆಕೊಳವೆಯ ಕಥೆ ಬೇರೆ. ಅದರಲ್ಲಿ ಆದ ದೊಡ್ಡ ಬದಲಾವಣೆಗಳೆಲ್ಲ ಕಾರಿನ ಹೊರಗೆ, ರಸ್ತೆಯ ಬದಿಯಲ್ಲಿ ನಿಂತವರಿಗಾಗಿ ಆದವು. ಮುಂದೆ ಓದುವಾಗ ಈ ಮಾತು ನಿಜವೇ ಎಂದು ನೀವೇ ಪರೀಕ್ಷಿಸಿ.

ಸದ್ದಿಗೆ ಮೂಗುದಾರ

ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನನ್ನು ಯಶಸ್ವಿಯಾಗಿ ನಡೆಸಿದ. ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಈ ಎಂಜಿನಿನಲ್ಲಿ ಇಂಧನ ಉರಿದ ಮೇಲೆ ನಿಷ್ಕಾಸ ಕವಾಟ ತೆರೆದಾಗ ಒಳಗಿನ ಬಿಸಿ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಅದು ಒಮ್ಮೆಲೇ ನುಗ್ಗಿ ಹೊರಬಂದಾಗ ಆಗುವ ಸ್ಫೋಟವೇ ನಾವು ಕೇಳುವ ಸದ್ದು. ಸಣ್ಣದೊಂದು ಲೆಕ್ಕ ಮಾಡೋಣ. ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಪ್ರತಿ ಸುತ್ತಿಗೆ ಎರಡು ಸ್ಫೋಟ. ನಿಮಿಷಕ್ಕೆ 6000, ಅಂದರೆ ಸೆಕೆಂಡಿಗೆ 100. ಬರಿಯ ಎಂಜಿನ್ ಸೆಕೆಂಡಿಗೆ ನೂರು ಪಟಾಕಿ ಹೊಡೆದಂತೆ!

ಕುದುರೆಗಾಡಿಗಳ ಕಾಲದಲ್ಲಿ ಇದು ತಮಾಷೆಯಾಗಿರಲಿಲ್ಲ. ಮೋಟಾರಿನ ಆರ್ಭಟಕ್ಕೆ ಕುದುರೆಗಳು ಬೆದರಿ ಓಡುತ್ತಿದ್ದವು, ದಾರಿಹೋಕರು ಬೀಳುತ್ತಿದ್ದರು. ಅಮೆರಿಕದ ಇಂಡಿಯಾನ ರಾಜ್ಯದ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಸಹೋದರರು 1897ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದರು. ಅದು ಬೇಕಾಗಿದ್ದುದು ಗಾಡಿಯ ಒಡೆಯನಿಗಿಂತ ಹೆಚ್ಚಾಗಿ ಎದುರಿಗೆ ಬರುವ ಕುದುರೆಗೆ ಎಂಬುದನ್ನು ಗಮನಿಸಿ.

ಸೈಲೆನ್ಸರ್ ಸದ್ದನ್ನು ಹೇಗೆ ಅಡಗಿಸುತ್ತದೆ? ಮೂರು ಉಪಾಯಗಳಿವೆ. ಒಂದು, ಕಿರಿದಾದ ಕೊಳವೆಯಿಂದ ಬಂದ ಅನಿಲವನ್ನು ಅಗಲವಾದ ಕೋಣೆಗೆ ಬಿಡುವುದು. ಇಕ್ಕಟ್ಟಾದ ಗಲ್ಲಿಯಿಂದ ಬಂದ ಜನಜಂಗುಳಿ ಮೈದಾನ ಸಿಕ್ಕ ಕೂಡಲೇ ಚದುರುವಂತೆ ಅನಿಲ ಹಿಗ್ಗಿ ಒತ್ತಡ ಇಳಿಯುತ್ತದೆ. ಎರಡು, ಸದ್ದಿನ ಅಲೆಗಳನ್ನು ಗೋಡೆಗಳಿಗೆ ಬಡಿಸಿ ಹಿಂದಿರುಗಿಸಿ, ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಕೂರುವಂತೆ ಮಾಡುವುದು. ಆಗ ಎರಡೂ ಒಂದನ್ನೊಂದು ಅಳಿಸುತ್ತವೆ. ಖಾಲಿ ಸೀಸೆಯ ಬಾಯಿಗೆ ಊದಿದಾಗ ಒಂದೇ ಸ್ವರ ಹೊರಡುವುದನ್ನು ನೀವು ಬಲ್ಲಿರಿ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ವಿವರಿಸಿದ ಆ ಅನುರಣನದ ತತ್ತ್ವವೇ ಸೈಲೆನ್ಸರಿನ ಕೋಣೆಗಳಲ್ಲೂ ಕೆಲಸ ಮಾಡುತ್ತದೆ. ಮೂರು, ತೂತುಗಳಿರುವ ಕೊಳವೆಯ ಸುತ್ತ ಗಾಜಿನ ಉಣ್ಣೆಯಂಥ ವಸ್ತುವನ್ನು ತುಂಬಿ ಸದ್ದನ್ನು ಹೀರಿಸುವುದು. ನಮ್ಮ ಸ್ಟುಡಿಯೋ ಗೋಡೆಗಳಿಗೆ ಮೆತ್ತನೆಯ ಹೊದಿಕೆ ಹಾಕುವುದೂ ಇದೇ ಕಾರಣಕ್ಕೆ.

ಆದರೆ ಅಂದಿನಿಂದಲೇ ಒಂದು ಜಗಳವೂ ಶುರುವಾಯಿತು. ಅನಿಲದ ದಾರಿಗೆ ಅಡ್ಡಗೋಡೆ ಇಟ್ಟರೆ ಎಂಜಿನಿನ ಶಕ್ತಿ ಕೊಂಚ ಕಡಿಮೆಯಾಗುತ್ತದೆ. ಹಾಗಾಗಿ ಆರಂಭದ ಕಾರುಗಳಲ್ಲಿ ಸೈಲೆನ್ಸರನ್ನು ತಪ್ಪಿಸಿ ಹೊಗೆಯನ್ನು ನೇರ ಹೊರಬಿಡುವ ‘ಕಟ್ ಔಟ್’ ಎಂಬ ಬಾಗಿಲೊಂದು ಇರುತ್ತಿತ್ತು. ಊರ ಹೊರಗೆ, ಏರುದಾರಿಯಲ್ಲಿ ತೆರೆಯಲಿ ಎಂಬುದು ಉದ್ದೇಶ. ಜನ ಊರೊಳಗೂ ತೆರೆದರು. ಬ್ರಿಟನ್ನಿನಲ್ಲಿ, ಅಮೆರಿಕದ ಹಲವು ಊರುಗಳಲ್ಲಿ 20ನೇ ಶತಮಾನದ ಆರಂಭದ ದಶಕಗಳಲ್ಲೇ ಅದರ ಬಳಕೆಗೆ ನಿಷೇಧ ಬಂತು. ಇಂದಿನ ‘ಫ್ರೀ ಫ್ಲೋ’ ಚರ್ಚೆ ಹೊಸದೇನಲ್ಲ.

ಕಣ್ಣಿಗೆ ಕಾಣದ ಸೀಸ

ಸದ್ದು ಕಿವಿಗೆ ತಟ್ಟುತ್ತದೆ. ವಿಷ ಹಾಗಲ್ಲ. ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಒಂದು ಸಂಗತಿ ಕಂಡುಕೊಂಡ. ಪೆಟ್ರೋಲಿಗೆ ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಬೆರೆಸಿದರೆ ಎಂಜಿನ್ ‘ಕಟಕಟ’ ಬಡಿಯುವುದು ನಿಲ್ಲುತ್ತದೆ. 1923ರಲ್ಲಿ ಅದರ ಮಾರಾಟ ಆರಂಭವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಘಟಕವೊಂದರಲ್ಲಿ ಕೆಲಸಗಾರರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಸೀಸದ ಪೆಟ್ರೋಲ್ ಜಗತ್ತನ್ನೆಲ್ಲ ಆವರಿಸಿತು.

ಸೀಸ ಧಾತು. ಅದನ್ನು ಸುಟ್ಟರೂ ಸೀಸ ಸೀಸವಾಗಿಯೇ ಉಳಿಯುತ್ತದೆ. ನಮ್ಮ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಲೀಟರ್ ಪೆಟ್ರೋಲಿಗೆ 0.56 ಗ್ರಾಂವರೆಗೂ ಸೀಸ ಇರಬಹುದಿತ್ತು. ತಿಂಗಳಿಗೆ ಮೂವತ್ತು ಲೀಟರ್ ಸುಡುವ ಕಾರಿಗೆ ಅದು ಸುಮಾರು 17 ಗ್ರಾಂ ಆಗುತ್ತದೆ. ಅದರಲ್ಲಿ ಬಹುಪಾಲು ಕೊಳವೆಯಿಂದ ಹೊರಬಿದ್ದು ರಸ್ತೆಬದಿಯ ಮಣ್ಣಿಗೆ, ತಿಂಡಿಗೆ, ಮಕ್ಕಳ ಬೆರಳಿಗೆ ಅಂಟುತ್ತಿತ್ತು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್‌ಸನ್. ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದವನು ಈತನೇ. ಆ ಅಳತೆಗೆ ಎಲ್ಲಿಂದಲೋ ಬಂದು ಸೇರುವ ಸೀಸವೇ ದೊಡ್ಡ ಕಾಟವಾಗಿತ್ತು. ಅದರ ಮೂಲ ಹುಡುಕುತ್ತಾ ಹೋದಾಗ ಸಿಕ್ಕ ಬಹುದೊಡ್ಡ ಕಾರಣ ಪೆಟ್ರೋಲ್. ಭೂಮಿಯ ವಯಸ್ಸು ತಿಳಿಯಲು ಹೊರಟವನು ಮೋಟಾರಿನ ಹೊಗೆಯ ವಿರುದ್ಧ ದನಿಯೆತ್ತುವಂತಾಯಿತು.

ಜೇನುಗೂಡಿನಂಥ ಪೆಟ್ಟಿಗೆ

ಅತ್ತ ಲಾಸ್ ಏಂಜಲೀಸ್ ನಗರದ ಮೇಲೆ 1940ರ ದಶಕದಿಂದ ಕಂದು ಮಂಜು ಕವಿಯತೊಡಗಿತ್ತು. ಕಣ್ಣುರಿ, ಕೆಮ್ಮು. ಅನಾನಸ್ ಹಣ್ಣಿನ ಪರಿಮಳವನ್ನು ಅಭ್ಯಸಿಸುತ್ತಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್‌ಸ್ಮಿಟ್ ಅದರ ಗುಟ್ಟನ್ನು 1950ರ ದಶಕದ ಆರಂಭದಲ್ಲಿ ಬಿಡಿಸಿದ. ವಾಹನಗಳ ಹೊಗೆಯಲ್ಲಿನ ಸರಿಯಾಗಿ ಉರಿಯದ ಹೈಡ್ರೊಕಾರ್ಬನ್ನುಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಹುಟ್ಟುತ್ತಿತ್ತು.

ಫ್ರಾನ್ಸ್ ಮೂಲದ ಎಂಜಿನಿಯರ್ ಯೂಜೀನ್ ಹೂಡ್ರಿ ಅದೇ ದಶಕದಲ್ಲಿ ಒಂದು ಪರಿಹಾರ ಸೂಚಿಸಿದ. ಕೊಳವೆಯ ನಡುವೆ ಕ್ರಿಯಾವರ್ಧಕವನ್ನು ಇಟ್ಟು ಹೊಗೆಯನ್ನು ಅದರ ಮೇಲೆ ಹಾಯಿಸಿದರೆ ವಿಷಾನಿಲಗಳು ನಿರುಪದ್ರವಿ ಅನಿಲಗಳಾಗುತ್ತವೆ. ಆದರೆ ಸೀಸ ಕ್ರಿಯಾವರ್ಧಕದ ಮೇಲೆ ಕೂತು ಅದನ್ನು ಕೊಂದುಬಿಡುತ್ತಿತ್ತು. ಕ್ರಿಯಾವರ್ಧಕ ಬೇಕಾದರೆ ಸೀಸ ಹೋಗಬೇಕು! ಅಮೆರಿಕ 1970ರಲ್ಲಿ ವಾಯು ಶುದ್ಧತೆಯ ಕಾನೂನನ್ನು ಬಿಗಿ ಮಾಡಿತು. 1975ರ ಮಾದರಿಯ ಕಾರುಗಳಿಂದ ಕೆಟಲಿಟಿಕ್ ಕನ್ವರ್ಟರ್ ಮತ್ತು ಸೀಸರಹಿತ ಪೆಟ್ರೋಲ್ ಜೊತೆಜೊತೆಯಾಗಿ ಬಂದವು.

ಈ ಪೆಟ್ಟಿಗೆಯೊಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ಕಿಂಡಿಗಳಿರುವ ಪಿಂಗಾಣಿಯ ಇಟ್ಟಿಗೆ ಇರುತ್ತದೆ. ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪ. ಇವು ಇಂಗಾಲದ ಮಾನಾಕ್ಸೈಡನ್ನು ಡೈಆಕ್ಸೈಡಾಗಿ, ಹೈಡ್ರೊಕಾರ್ಬನ್ನುಗಳನ್ನು ನೀರು ಮತ್ತು ಡೈಆಕ್ಸೈಡಾಗಿ, ಸಾರಜನಕದ ಆಕ್ಸೈಡುಗಳನ್ನು ಮತ್ತೆ ಸಾರಜನಕವಾಗಿ ಮಾರ್ಪಡಿಸುತ್ತವೆ. ಮೂರೂ ಕೆಲಸ ಒಟ್ಟಿಗೆ ನಡೆಯಬೇಕಾದರೆ ಸುಮಾರು 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲ್ ಎಂಬ ತೂಕದ ಪ್ರಮಾಣವನ್ನು ಬಿಗಿಯಾಗಿ ಕಾಯಬೇಕು. ಅದಕ್ಕಾಗಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಂವೇದಕವನ್ನು ಜರ್ಮನಿಯ ಬಾಷ್ ಕಂಪನಿ 1976ರಲ್ಲಿ ಹೊರತಂದಿತು. ಅದೇ ಬಾಷ್ ಕುಟುಂಬದ ಮೈಕೋ ಕಾರ್ಖಾನೆ 1950ರ ದಶಕದಿಂದ ನಮ್ಮ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ಮಾಡುತ್ತಿತ್ತು. ಬಿ.ಟಿ.ಎಂ. ಪಕ್ಕದ ಮೈಕೋ ಬಡಾವಣೆಗೆ ಹೆಸರು ಬಂದದ್ದು ಅದರಿಂದಲೇ.

ಬೆಂಗಳೂರಿನ ರಕ್ತಪರೀಕ್ಷೆ

ಭಾರತದಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ ದೇಶವ್ಯಾಪಿ ಮಿತಿ ಬಂದದ್ದು 1991ರಲ್ಲಿ. 1995ರ ಏಪ್ರಿಲಿನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಬೆಂಗಳೂರಿನ ಸರದಿ ಆಮೇಲೆ.

ಆ ನಡುವಿನ ವರ್ಷಗಳಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಮಹತ್ವದ ಕೆಲಸವೊಂದು ನಡೆಯಿತು. ಬಿ.ಟಿ.ಎಂ. ಬಡಾವಣೆಯಿಂದ ತುಸುದೂರದಲ್ಲಿರುವ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರೂ ಬೆಂಗಳೂರಿನ ಜಾರ್ಜ್ ಫೌಂಡೇಷನ್ ಸಂಸ್ಥೆಯೂ ಸೇರಿ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತದಲ್ಲಿನ ಸೀಸವನ್ನು ಅಳೆದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಆಗ ಅಪಾಯದ ಗೆರೆ ಎಂದು ಎಣಿಸಿದ್ದ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸ ಕಂಡುಬಂತು. ಸೀಸ ಮಕ್ಕಳ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಕಲಿಯುವ ಶಕ್ತಿ, ಗಮನವಿಟ್ಟು ಕೂರುವ ಶಕ್ತಿ ಕುಗ್ಗುತ್ತದೆ. ಅಂದರೆ, ನಿಮ್ಮ ಹಿಂದಿನ ತಲೆಮಾರಿನ ವಿದ್ಯಾರ್ಥಿಗಳು ರಸ್ತೆ ದಾಟಿ ಶಾಲೆಗೆ ಹೋಗುವಾಗಲೇ ತಮ್ಮ ಕಲಿಕೆಯ ಒಂದಂಶವನ್ನು ಕಳೆದುಕೊಳ್ಳುತ್ತಿದ್ದರು.

1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಎಂದಾಯಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಅದರ ಮಾರಾಟ ನಿಲ್ಲಿಸಿತು. ಮಿಜ್ಲಿಯ ಪ್ರಯೋಗಾಲಯದಿಂದ ಅಲ್ಲಿಗೆ ಸುಮಾರು ನೂರು ವರ್ಷ.

ಆಮೇಲಿನ ಹೆಜ್ಜೆಗಳು ಬೇಗಬೇಗನೆ ಬಂದವು. ಭಾರತ್ ಹಂತ 2 ಬೆಂಗಳೂರಿಗೆ ಬಂದದ್ದು 2003ರಲ್ಲಿ, ಹಂತ 3 2005ರಲ್ಲಿ, ಹಂತ 4 2010ರಲ್ಲಿ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಹಂತ 6. ಪೆಟ್ರೋಲಿನಲ್ಲಿನ ಗಂಧಕ ಹಂತ 2ರಲ್ಲಿ ಹತ್ತು ಲಕ್ಷದಲ್ಲಿ 500 ಭಾಗ ಇದ್ದದ್ದು ಹಂತ 6ರಲ್ಲಿ 10 ಭಾಗಕ್ಕೆ ಇಳಿದಿದೆ.

ಹಳೆಯ ಕಾರಿಗೆ ಹೊಸ ಕೊಳವೆ

ಈಗ ಜೆ.ಸಿ. ರಸ್ತೆಯ ಅಂಗಡಿಗೆ ಮರಳೋಣ. ಹಳೆಯ ಕೊಳವೆ ಏಕೆ ಕೆಟ್ಟಿತು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ಮನೆಯಿಂದ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋಗಿ ತರಕಾರಿ ತಂದಷ್ಟೇ ಆದರೆ ಕೊಳವೆ ಕಾಯುವುದೇ ಇಲ್ಲ. ನೀರು ಸೈಲೆನ್ಸರಿನ ತಳದಲ್ಲಿ ನಿಂತು ಗಂಧಕದ ಅಂಶದೊಡನೆ ಸೇರಿ ಆಮ್ಲವಾಗಿ ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಕಡಿಮೆ ಓಡಿದ ಕಾರಿನ ಕೊಳವೆ ಬೇಗ ಕೆಡುವ ಒಗಟಿಗೆ ಇದೇ ಉತ್ತರ. ಆದ್ದರಿಂದ ಹೊಸದನ್ನು ಕೊಳ್ಳುವಾಗ ತಗಡಿನ ಬಗೆ ಕೇಳಬೇಕು. ಸಾಧಾರಣ ಉಕ್ಕು ಅಗ್ಗ. ಅಲ್ಯೂಮಿನಿಯಂ ಲೇಪದ ಉಕ್ಕು ಅದಕ್ಕಿಂತ ಮೇಲು, ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಬಾಳಿಕೆಯದು.

ಎರಡನೆಯದು ಕೊಳವೆಯ ಅಗಲ. ದಪ್ಪ ಕೊಳವೆ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಇದೆ. ಎಂಜಿನಿಗೆ ‘ಹಿಂದೊತ್ತಡ ಬೇಕು’ ಎಂಬ ಇನ್ನೊಂದು ಮಾತೂ ಇದೆ. ಎರಡೂ ಅರೆಸತ್ಯ. ಎಂಜಿನಿಗೆ ಹಿಂದೊತ್ತಡ ಬೇಕಿಲ್ಲ, ಅನಿಲದ ವೇಗ ಬೇಕು. ವೇಗವಾಗಿ ಹೊರಟ ಅನಿಲ ತನ್ನ ಹಿಂದೆ ಕೊಂಚ ಸೆಳೆತವನ್ನು ಉಂಟುಮಾಡಿ ಸಿಲಿಂಡರಿನಲ್ಲಿ ಉಳಿದದ್ದನ್ನೂ ಎಳೆದೊಯ್ಯುತ್ತದೆ. ಕೊಳವೆ ತೀರ ಅಗಲವಾದರೆ ಅನಿಲ ನಿಧಾನವಾಗಿ ಆ ಸೆಳೆತ ಕುಗ್ಗುತ್ತದೆ. ಆಗ ನಗರದ ನಿಧಾನಗತಿಯಲ್ಲಿ ಕಾರಿನ ಎಳೆತವೇ ಕಡಿಮೆಯಾಗುತ್ತದೆ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಆಗಲಿ, ಪದ್ಮಿನಿಯ 1089 ಸಿ.ಸಿ. ಎಂಜಿನ್ ಆಗಲಿ ಎಷ್ಟು ಉಸಿರಾಡಬೇಕೆಂಬುದನ್ನು ಮುಖ್ಯವಾಗಿ ಅದರ ಕವಾಟ, ಕ್ಯಾಮ್‌ಶಾಫ್ಟ್ ಮತ್ತು ಕಾರ್ಬ್ಯುರೇಟರ್ ತೀರ್ಮಾನಿಸುತ್ತವೆ. ಬರಿಯ ಸೈಲೆನ್ಸರ್ ಬದಲಿಸಿದರೆ ಹೆಚ್ಚುವುದು ಬಹುಮಟ್ಟಿಗೆ ಸದ್ದು. ಸ್ಪರ್ಧೆಯ ಕಾರುಗಳಲ್ಲಿ ಇವೆಲ್ಲವನ್ನೂ ಒಟ್ಟಿಗೆ ಬದಲಿಸಿ, ಇಂಧನದ ಪ್ರಮಾಣವನ್ನೂ ಹೊಂದಿಸುತ್ತಾರೆ. ಅವು ಓಡುವುದು ಸ್ಪರ್ಧೆಯ ಅಂಗಳದಲ್ಲಿ.

ಮೂರನೆಯದು ಜೋಡಣೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕಾರನ್ನು ಜಾಕಿನ ಮೇಲಷ್ಟೇ ಬಿಟ್ಟು ಯಾರೂ ಅಡಿಗೆ ನುಗ್ಗಬಾರದು. ಗಟ್ಟಿಯಾದ ಆಧಾರ ಕೊಡಬೇಕು, ಇಲ್ಲವೇ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಕಾಯಬೇಕು. ಮ್ಯಾನಿಫೋಲ್ಡಿನ ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸದನ್ನು ಹಾಕಬೇಕು. ಹೊಸ ಕೊಳವೆಯನ್ನು ಮೊದಲು ರಬ್ಬರುಗಳಿಗೆ ಸಡಿಲವಾಗಿ ತೂಗುಹಾಕಿ, ಎಲ್ಲೂ ತಗಲದಂತೆ ಹೊಂದಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬರುತ್ತಾರೆ. ಕೊನೆಗೆ ಸೋರಿಕೆ ನೋಡಬೇಕು. ಇದು ಪ್ರಾಣದ ಪ್ರಶ್ನೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಾಗಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾಗಲಿ ಎಂಜಿನ್ ಓಡಿಸಿ ಪರೀಕ್ಷಿಸಬಾರದು.

ನಾಲ್ಕನೆಯದೇ ಮುಖ್ಯವಾದುದು. ಕಾರಿಗೆ ಕೆಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನು ತೆಗೆಸಿ ಬರಿಯ ಕೊಳವೆ ಹಾಕಿಸಬಾರದು. "ಅದು ಎಂಜಿನ್ ಕಟ್ಟುತ್ತೆ ಸಾರ್" ಎನ್ನುವವರು ಸಿಗುತ್ತಾರೆ. ಅದು ನಿಜವಾಗಿ ಕಟ್ಟಿಕೊಂಡಿದ್ದರೆ ಹೊಸದನ್ನು ಹಾಕಿಸಬೇಕು. ಹೊಗೆ ತಪಾಸಣೆಯಲ್ಲಿ ಕನ್ವರ್ಟರ್ ಇಲ್ಲದ ಹಳೆಯ ಪೆಟ್ರೋಲ್ ಕಾರಿನ ಮಾನಾಕ್ಸೈಡಿಗೆ ಇರುವ ಮಿತಿ ಶೇಕಡಾ 3. ಹಂತ 4ರ ಕಾರಿಗೆ 0.3. ಹತ್ತು ಪಟ್ಟಿನ ಈ ಅಂತರ ಆ ಪುಟ್ಟ ಪೆಟ್ಟಿಗೆ ಮತ್ತು ಅದರ ಸಂವೇದಕದ ದುಡಿಮೆ. ಕಾರ್ಬ್ಯುರೇಟರ್ ಕಾರಿಗೆ ಕನ್ವರ್ಟರ್ ಸೇರಿಸಿದರೆ ಪೂರ್ಣ ಫಲ ಸಿಗದಿರುವುದೂ ಇದಕ್ಕೇ. 14.7ರ ಪ್ರಮಾಣವನ್ನು ಕಾರ್ಬ್ಯುರೇಟರ್ ಬಿಗಿಯಾಗಿ ಕಾಯಲಾರದು.

ಕಾನೂನಿನ ಮಾತು

1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಓದಿದರೆ ಈ ಚರಿತ್ರೆಯೇ ಅಲ್ಲಿ ಅಡಗಿರುವುದು ಕಾಣುತ್ತದೆ. 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. 113ನೇ ನಿಯಮದಂತೆ ಹೊಗೆಕೊಳವೆ ಇಂಧನದ ನಳಿಕೆಗೆ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದು. 112ನೇ ನಿಯಮ ಹೊಗೆ ಕೆಳಕ್ಕೂ ಹೋಗಬಾರದು, ಎಡಕ್ಕೂ ಹೋಗಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು ಎನ್ನುತ್ತದೆ. ಎಡಕ್ಕೆ ಏಕೆ ಬೇಡ? ನಮ್ಮ ರಸ್ತೆಗಳಲ್ಲಿ ವಾಹನದ ಎಡಕ್ಕೆ ಇರುವುದು ಕಾಲುದಾರಿ. ಅಲ್ಲಿ ನಡೆಯುವವರು ನೀವು.

ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದವರಿಗೆ 190ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಕಾರು ಹದಿನೈದು ವರ್ಷ ದಾಟಿದರೆ ನೋಂದಣಿ ನವೀಕರಣಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಪಾಸಣೆಯೂ ಇದೆ. ಜಯನಗರದ ಕೆಎ-05 ವಾಹನಗಳಿಗೂ ಇದೇ ನಿಯಮ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯಕ್ಕೆ ಇನ್ನೂ ಐದು ಕಡಿಮೆ. ಡೆಸಿಬಲ್ ಅನ್ನು ಸಾಧಾರಣ ಅಂಕಿಯಂತೆ ಎಣಿಸಬೇಡಿ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಧ್ವನಿಮುದ್ರಣದಲ್ಲಿ ನಮ್ಮಂಥವರಿಗೆ ದಿನನಿತ್ಯದ ಅನುಭವವೊಂದಿದೆ. ತೆಳುವಾದ ಸದ್ದನ್ನು ಗೋಡೆಯಿಂದ ತಡೆಯಬಹುದು, ಎಂಜಿನಿನ ಗುಡುಗಿನಂಥ ಕೆಳಸ್ವರವನ್ನು ತಡೆಯುವುದು ಬಹಳ ಕಷ್ಟ. ಅದು ಗೋಡೆ ದಾಟಿ ಬರುತ್ತದೆ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಲಗಿರುವವರ ಹಾಸಿಗೆಯವರೆಗೂ ಅದು ಬರಬಲ್ಲದು.

ಕೊಳವೆಯೇ ಇಲ್ಲದ ಕಾರು

ಈ ಕಥೆಗೆ ಬೆಂಗಳೂರು ಇನ್ನೊಂದು ಅಧ್ಯಾಯ ಸೇರಿಸಿದೆ. 2001ರಲ್ಲಿ ಚೇತನ್ ಮೈನಿ ಮತ್ತು ಸಂಗಡಿಗರ ರೇವಾ ವಿದ್ಯುತ್ ಕಾರು ಇಲ್ಲಿಂದಲೇ ಮಾರುಕಟ್ಟೆಗೆ ಬಂತು. ಅದಕ್ಕೆ ಸೈಲೆನ್ಸರ್ ಇಲ್ಲ, ಹೊಗೆಕೊಳವೆಯೇ ಇಲ್ಲ. ಆದರೂ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತಯಾರಿಸಿದರೆ ಹೊಗೆ ಇನ್ನೊಂದೂರಿನ ಚಿಮಣಿಯಿಂದ ಹೊರಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆ ಚಿಮಣಿಯ ಬಳಿಯೂ ಜನರಿದ್ದಾರೆ.

ಹಾಗಾದರೆ ಹಳೆಯ ಕಾರನ್ನು ಪ್ರೀತಿಸುವುದು ತಪ್ಪೇ? ಖಂಡಿತ ಅಲ್ಲ. ತಾತನ ಅಂಬಾಸಿಡರನ್ನು ಉಳಿಸಿಕೊಳ್ಳುವುದು ಒಂದು ಕಾಲದ ಎಂಜಿನಿಯರಿಂಗನ್ನು ಉಳಿಸಿಕೊಂಡಂತೆ. ಅದಕ್ಕೆ ಮೂಲದ ಅಳತೆಯ, ಗಟ್ಟಿ ತಗಡಿನ, ಸೋರದ ಸೈಲೆನ್ಸರ್ ಹಾಕಿಸಿದರೆ ಕಾರೂ ಬಾಳುತ್ತದೆ, ಬೀದಿಯೂ ನೆಮ್ಮದಿಯಾಗಿರುತ್ತದೆ.

ಮುಂದಿನ ಸಲ ನಿಮ್ಮ ಮನೆಯ ವಾಹನವನ್ನು ಹೊಗೆ ತಪಾಸಣೆಗೆ ಒಯ್ದಾಗ ನೀವೂ ಜೊತೆಗೆ ಹೋಗಿ. ಯಂತ್ರ ಮುದ್ರಿಸಿ ಕೊಡುವ ಚೀಟಿಯನ್ನು ಮಡಿಸಿ ಡ್ಯಾಷ್‌ಬೋರ್ಡಿಗೆ ಹಾಕುವ ಮೊದಲು ಮಾನಾಕ್ಸೈಡಿನ ಅಂಕಿ ಎಷ್ಟು, ಮಿತಿ ಎಷ್ಟು ಎಂದು ಓದಿ. ವಾಹನದ ಹಿಂದೆ ನಿಂತವರಿಗೆ ನಾವು ಕೊಡುತ್ತಿರುವುದೇನು ಎಂಬುದರ ಲೆಕ್ಕ ಆ ಚೀಟಿಯಲ್ಲಿದೆ.